ಏಳು ಸೆಕೆಂಡು

ಆಡಿದ ಮಾತು, ಒಡೆದ ಮುತ್ತು
ಮರಳಿ ಬಾರವು ಅಂತಾರಲ್ಲ,
ನಮ್ಮ ಸ್ಟೇಷನ್ನಿನಲ್ಲಿ ಬರುತ್ತಿದ್ದವು.
ಗಾಜಿನ ಈಚೆ ನಾನು, ಬೆರಳಡಿ ಕೆಂಪು ಗುಂಡಿ.
ಆಚೆ ರಾಯ್ಸ್ ಲಿಂಡ್‌ಕ್ವಿಸ್ಟ್, ಮೈಕಿಗೆ ಮೂಗು ತಾಗಿಸಿ.
ಅವನು ಆಡಿದ್ದು ನೆಬ್ರಾಸ್ಕಕ್ಕೆ ಕೇಳಿಸಲು
ಏಳು ಸೆಕೆಂಡು ತಡ.
ಆ ಏಳರಲ್ಲಿ ನಾನೇ ದೇವರು.
ಸಂಬಳ ಮಾತ್ರ ಗಂಟೆಗೆ ಒಂಬತ್ತು ಡಾಲರು.

ಬಂದ ಹೊಸತರಲ್ಲಿ ಹಂದಿಯ ದರ ಓದುತ್ತಿದ್ದ.
ಓಮಾಹಾದಲ್ಲಿ ಇಷ್ಟು, ಸೂ ಸಿಟಿಯಲ್ಲಿ ಇಷ್ಟು,
ಮುಸುಕಿನ ಜೋಳ ಎರಡು ಸೆಂಟು ಇಳಿದಿದೆ,
ಸಂಜೆಗೆ ಆಲಿಕಲ್ಲು ಬಿದ್ದರೂ ಬೀಳಬಹುದು.
ಒಂದು ದಿನ ಓದಿ ಮುಗಿಸಿ, ಕಾಗದ ಮಡಚಿ,
"ಈ ದರ ಕಟ್ಟಿದವರು ಯಾರು, ಗೊತ್ತೇನ್ರಯ್ಯಾ?" ಅಂದ.
ಫೋನಿನ ಆರೂ ದೀಪ ಒಟ್ಟಿಗೆ ಹತ್ತಿದವು.
ಇಪ್ಪತ್ತಾರು ವರ್ಷ ಆರಲಿಲ್ಲ.

ತೆರಿಗೆ ಅಂದರೆ ಜೇಬಿಗೆ ಕೈಹಾಕುವ ನೆಂಟ.
ವಾಷಿಂಗ್ಟನ್ ಅಂದರೆ ಹೊಲ ಮೆಟ್ಟದೆ ಬಿತ್ತನೆ ಕಲಿಸುವವ.
ಬಂದೂಕು ಅಜ್ಜನದು, ಬೈಬಲ್ಲು ಅಜ್ಜಿಯದು,
ಎರಡಕ್ಕೂ ಯಾರ ರುಜುವೂ ಬೇಡ.
ಟ್ರಕ್ಕಿನವರು ಹಾರ್ನ್ ಹೊಡೆದು ಹೌದೆನ್ನುತ್ತಿದ್ದರು.
ಗಡಿಯ ಮಾತು ಬಂದಾಗ ಮಾತ್ರ ದನಿ ತಗ್ಗುತ್ತಿತ್ತು.
ತಗ್ಗಿದಾಗಲೇ ನನಗೆ ಭಯ.

ಲೆಕ್ಸಿಂಗ್ಟನ್ನಿನಲ್ಲಿ ದನದ ಮೂಳೆ ಬಿಡಿಸುವ
ನನ್ನ ಅಳಿಯ ಎಫ್ರಾಯಿನ್
ಎರಡನೇ ಪಾಳಿಗೆ ಹೊರಡುವ ಮುನ್ನ
ಅದನ್ನೇ ಹಾಕಿಕೊಂಡು ಕೂರುತ್ತಿದ್ದ,
ಇಂಗ್ಲಿಷ್ ಪಳಗಲಿ ಅಂತ.
"ಕಂಠ ಚೆನ್ನಾಗಿದೆ ನಿಮ್ಮ ಸಾಹೇಬರದು"
ಅಂದ ಒಮ್ಮೆ, ಬೀನ್ಸಿನ ಪಾತ್ರೆ ನನ್ನತ್ತ ಸರಿಸುತ್ತ.

ನಾನು ಓಟು ಹಾಕಿದ್ದು ಪ್ರತಿ ಸಲ ಎದುರು ಪಕ್ಷಕ್ಕೆ.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
ಕ್ರಿಸ್ಮಸ್ಸಿಗೆ ಮಾತ್ರ ತಪ್ಪದೆ
ನನ್ನ ಕಾರಿನ ಬಾನೆಟ್ಟಿನ ಮೇಲೆ ಒಂದು ಇಡೀ ಹ್ಯಾಮು.

ಗುಂಡಿ ಒತ್ತಿದ್ದು ನಲವತ್ತೆರಡು ಸಲ.
ಮೂವತ್ತೊಂಬತ್ತು, ಕುಡಿದವರ ಬೈಗುಳ.
ಎರಡು, ಅವನವೇ. ಬಾಯಿಬಿಟ್ಟು ಹೇಳಲಾರೆ.
ಆಗೆಲ್ಲ ಗಾಜಿನಾಚೆಯಿಂದ ದಿಟ್ಟಿಸುತ್ತಿದ್ದ.
ಋಣವೋ ಕೋಪವೋ ತಿಳಿಯದಂತೆ
ಗಾಜಿನ ಮೇಲೆ ಟ್ಯೂಬ್‌ಲೈಟು ಬಿದ್ದಿರುತ್ತಿತ್ತು.
ಒತ್ತದೆ ಬಿಟ್ಟಿದ್ದರ ಲೆಕ್ಕ
ನಾನು ಇಟ್ಟಿಲ್ಲ.

ಉಳಿದದ್ದು ಒಂದು. ಫೆಬ್ರುವರಿ, ಹೊರಗೆ ಹಿಮ,
ಮೂರನೇ ಲೈನಿನಲ್ಲಿ ಮಿಂಡನ್ ಊರಿನ ಎಲ್ಡನ್.
"ಹೇಳಿ, ಗಾಳಿಯಲ್ಲಿದ್ದೀರಿ" ಅಂದ ರಾಯ್ಸ್.
ಉತ್ತರವಿಲ್ಲ. ಉಸಿರಿದೆ.
ಮೌನ ನಮ್ಮ ಕಸುಬಿನಲ್ಲಿ ಮಹಾಪಾಪ.
ರಾಯ್ಸ್ ಆ ಪಾಪ ಮಾಡಿದ, ಸುಮ್ಮನೆ ಕಾದ.
"ಬಾಯಿಪಾಠ ಇದ್ದ ನಂಬರು ಇದೊಂದೇ.
ಇವಳು ಅಡುಗೆಮನೆಯಲ್ಲಿ ಬಿದ್ದಿದ್ದಾಳೆ.
ಮುಟ್ಟಿದೆ. ತಣ್ಣಗಿದ್ದಾಳೆ."
ರಾಯ್ಸ್ ಮೈಕಿನಿಂದ ಹಿಂದೆ ಸರಿದು,
ಆವರೆಗೆ ನಾನು ಕೇಳಿರದ ದನಿಯಲ್ಲಿ,
"ಎಲ್ಡನ್, ಒಲೆ ಆರಿಸಿದ್ದೀಯೇನಪ್ಪಾ?" ಅಂದ.

ನಾನು ಗುಂಡಿ ಒತ್ತಿದೆ.
ಮುದುಕನ ಮಾತು ಮುದುಕನಿಗಿರಲಿ ಅಂತ.
ಚಿನ್ನದ ನಾಣ್ಯದ ಜಾಹೀರಾತು ಹರಿಯಬಿಟ್ಟೆ,
ಆಮೇಲೆ ಬಿತ್ತನೆ ಬೀಜದ್ದು, ಆಮೇಲೆ
ಹಳೇ ಭಾಷಣದ ಟೇಪು.
ಶೆರಿಫ್ ಆ ಮನೆ ಮುಟ್ಟುವವರೆಗೆ, ನಲವತ್ತು ನಿಮಿಷ,
ಅವನು ಆಡಿದ್ದು ಒಲೆ, ಬಾಗಿಲ ಚಿಲಕ, ಬೆಕ್ಕಿಗೆ ಹಾಲು.
ಅತ್ತ ನೆಬ್ರಾಸ್ಕದ ತುಂಬ
ಅವನದೇ ಕಂಠ ಸರ್ಕಾರವನ್ನು ಬೈಯುತ್ತಿತ್ತು.

ಹನ್ನೊಂದೂಮುಕ್ಕಾಲಿಗೆ ಕಣ್ಣೊರೆಸಿಕೊಂಡ,
ಕೆಮ್ಮಿದ, ಹೆಡ್‌ಫೋನು ಏರಿಸಿದ.
"ಎಲ್ಲಿದ್ದೆವು? ಹ್ಞಾಂ, ತೆರಿಗೆ."

ಈಗ ಸ್ಟೇಷನ್ನು ಟೆಕ್ಸಸ್ಸಿನ ಕಂಪನಿಯದು.
ಮಾತು ಉಪಗ್ರಹದಿಂದ ತಾನೇ ಇಳಿಯುತ್ತದೆ.
ಕಳೆದ ವಾರ ರಾಯ್ಸ್‌ನನ್ನು ಮಣ್ಣು ಮಾಡಿ ಬಂದೆವು.
ಗವರ್ನರು ಬಂದಿದ್ದರು. ಕಡೆಯ ಸಾಲಿನಲ್ಲಿ
ಎಲ್ಡನ್, ಅಳತೆ ಮೀರಿದ ಕೋಟಿನಲ್ಲಿ.

"ಹೇಗಿದ್ದರು ಮನುಷ್ಯ?" ಎಫ್ರಾಯಿನ್ ಕೇಳಿದ,
ಈಗ ಅವನ ಇಂಗ್ಲಿಷು ನನಗಿಂತ ಚೊಕ್ಕ.
ಮೇಜಿನ ಅಂಚಿನಡಿ ನನ್ನ ಬೆರಳು
ಏನನ್ನೋ ತಡಕಿತು.
ನಾಲ್ಕು, ಐದು, ಆರು.

"ಬೀನ್ಸು ತಣ್ಣಗಾಗುತ್ತೆ, ತಿನ್ನು" ಅಂದೆ.